ಖಾಲಿ ಮೊಳೆ

ಲಿಂಬೆಹಣ್ಣಿನ ವಾಸನೆ, ಎಲ್ಲಿಂದ ಬಂತಪ್ಪ ಇದು, ಹೆರಿಗೆ ಕೋಣೆಯೆಂದರೆ ಫಿನಾಯಿಲ್ ನಾರಬೇಕು, ಹೆಚ್ಚೆಂದರೆ ಡೆಟಾಲು — ಹಾಂ, ಕಿಟಕಿಯಾಚೆ ಲಾರಿ ನಿಂತಿದೆ, ನಮ್ಮ ಇಂಡಿ ತಾಲೂಕಿನ ಲಿಂಬೆ ತುಂಬಿಕೊಂಡು ಯಾವ ಊರಿಗೋ ಹೊರಟದ್ದು, ಡ್ರೈವರ್ ಚಹಾಕ್ಕೆ ಇಳಿದಿರಬೇಕು, ಕುಡಿಯಲಿ ಪಾಪ, ನಿಧಾನಕ್ಕೆ ಕುಡಿಯಲಿ, ಇಂಥ ವಾಸನೆ ಪುಕ್ಕಟೆ ಸಿಗುವಾಗ ಬೇಡ ಅನ್ನುವವರು ಯಾರು, ಉಸಿರು ತಗೋ ಸುನಂದಾ, ಮೂಗಿಲೆ ತಗೋ, ಬಾಯಿಲೆ ಬಿಡು, ಹಾಂ ಹಂಗ, ಶಾಣ್ಯಾಕಿ — ಎನ್ನುತ್ತ ರಂಜನಾ ಸಿಸ್ಟರ್ ಮೇಜಿನ ಮೇಲೆ ಮಲಗಿದ್ದವಳ ಹೊಟ್ಟೆಗೆ ಅಂಗೈ ಊರಿ ಮುಂದಿನ ನೋವು ಏರುವುದನ್ನು ಕಾಯುತ್ತಿದ್ದಳು, ಆ ಲಿಂಬೆಯ ಬೆನ್ನಿಗೇ ಬಂದು ಚುಚ್ಚಿತು, ಮೊಳೆ. ಬಾಗಿಲಾಚೆಯ ಮೊಳೆ. ಅಯ್ಯೋ ನನ್ನ ಶಾಣ್ಯಾತನವೇ, ಅದು ಬೆಳಗಿನಿಂದ ಖಾಲಿ ಇದೆ, ಅದರ ಎದುರಿನ ಮರದ ಬಾಕಿನ ಮೇಲೆ ಸುನಂದಾಳ ಅತ್ತೆ ಇಂದುಬಾಯಿ ಕೂತಿದ್ದಾರೆ, ಮೋರಟಗಿಯಿಂದ ಬಂದವರು, ಎರಡು ಕಣ್ಣು ತೆರೆದುಕೊಂಡು, ಬೇರೆ ಕೆಲಸವಿಲ್ಲದೆ.

ಹೊಸಬರಿಗೆ ಅದು ಬರೀ ಮೊಳೆ, ಸುಣ್ಣದ ಗೋಡೆಗೆ ಹೊಡೆದ ಬೆರಳುದ್ದದ ಕಬ್ಬಿಣ. ಆದರೆ ಆ ಬಾಕಿನ ಮೇಲೆ ಒಂದು ಹೊತ್ತು ಕೂತವರಿಗೆಲ್ಲ ಅದು ಏನು ಹೇಳುತ್ತದೆಂದು ಗೊತ್ತು. ಲಿಂಬೆ ವ್ಯಾಪಾರಿಗಳು ಕೂಡಿ ಕಟ್ಟಿಸಿದ ಸಣ್ಣ ಹೆರಿಗೆ ಆಸ್ಪತ್ರೆ ಇದು, ಮೊದಲಿನಿಂದ ಇಲ್ಲಿ ದಪ್ಪ ಪ್ಲಾಸ್ಟಿಕ್ಕಿನ ಹಳದಿ ಏಪ್ರನ್ ಒಂದೇ ಒಂದು, ಕುತ್ತಿಗೆಯಿಂದ ಮೊಣಕಾಲಿನವರೆಗೆ ಮುಚ್ಚುವಂಥದ್ದು, ಅದನ್ನು ಆ ಮೊಳೆಗೆ ತೂಗುಹಾಕಿರುತ್ತಿದ್ದರು, ಎಚ್‌ಐವಿ ಇರುವ ಬಸುರಿ ಬಂದಾಗ ಮಾತ್ರ ಆಯಾ ಪೀರಬಿ ಹೊರಗೆ ಬಂದು ಅದನ್ನು ಇಳಿಸಿಕೊಂಡು ಹೋಗುತ್ತಿದ್ದಳು, ಯಾರೂ ಏನೂ ಹೇಳುತ್ತಿರಲಿಲ್ಲ, ಹೇಳುವ ಜರೂರೂ ಇರಲಿಲ್ಲ, ಮೊಳೆ ಖಾಲಿ ಆಯಿತೆಂದರೆ ಬಾಕಿನ ಹೆಂಗಸರು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿಯುತ್ತಿದ್ದರು, ಸೆರಗು ಬಾಯಿಗೆ ಹೋಗುತ್ತಿತ್ತು, ಒಳಗಿನವಳು ಹಡೆಯುವ ಮೊದಲೇ ಸುದ್ದಿ ಬಸ್ಸು ಹತ್ತಿ ಅವಳ ಊರು ಮುಟ್ಟಿರುತ್ತಿತ್ತು. ಇದಕ್ಕೆ ಇವತ್ತಿನಿಂದ ಮಂಗಳ ಹಾಡುತ್ತೇನೆ ಎಂದು ಬೆಳಿಗ್ಗೆ ಡ್ಯೂಟಿಗೆ ಬಂದವಳೇ ಆ ಹಳದಿ ಏಪ್ರನ್ ಕಿತ್ತು ಒಳಗೆ ಒಯ್ದಿದ್ದಾಳೆ ರಂಜನಾ, ಇನ್ನು ಮುಂದೆ ಒಬ್ಬರಿಗೊಂದು ಒಬ್ಬರಿಗೊಂದು ಇಲ್ಲ, ಎಲ್ಲರಿಗೂ ಒಂದೇ ಎಂದು ಎದೆಯುಬ್ಬಿಸಿ ಸಾರಿದ್ದಾಳೆ — ಅಲ್ಲವೇ ಹುಚ್ಚಿ, ಇಷ್ಟು ವರ್ಷ ಮಾತಾಡುತ್ತಿದ್ದದ್ದು ಏಪ್ರನ್ ಅಲ್ಲ, ಖಾಲಿ ಮೊಳೆ, ಅದನ್ನೇ ಬಯಲಿಗಿಟ್ಟು ಒಳಗೆ ಬಂದೆಯಲ್ಲ, ಅಷ್ಟೂ ಹೊಳೆಯಲಿಲ್ಲವೇ ನಿನಗೆ. ಒಂದು ಕ್ಯಾಲೆಂಡರಾದರೂ ತೂಗುಹಾಕಬಾರದಿತ್ತೇ.

ನೋವು ಬಂತು, ಬರಲಿ, ಇದು ದೊಡ್ಡದಲ್ಲ, ಹಿಂದಿನದಕ್ಕಿಂತ ಗಟ್ಟಿ ಇದೆ ಅಷ್ಟೇ, ಇನ್ನೂ ಮುಕ್ಕಬ್ಯಾಡ ಸುನಂದಾ, ನಾ ಹೇಳೂತನಾ ಮುಕ್ಕಬ್ಯಾಡ, ಹೂಂ ಅಂದಳು ಹಲ್ಲು ಕಚ್ಚಿ, ಎಂಥ ಗಟ್ಟಿ ಹುಡುಗಿ, ಬೆಳಗಿನಿಂದ ಒಮ್ಮೆ ಅವ್ವಾ ಅಂದಿಲ್ಲ, ಮೊದಲ ಸಲ ಆಪ್ತ ಸಮಾಲೋಚನೆಯ ಕೋಣೆಗೆ ಬಂದಾಗಲೂ ಹೀಗೇ, ಗಂಡ ಸಂಜೀವಕುಮಾರನೇ ಅತ್ತದ್ದು, ತನ್ನಿಂದಲೇ ಬಂತು ಇವಳಿಗೆ ಎಂದು ಕರವಸ್ತ್ರ ಹಿಂಡಿ ಹಿಂಡಿ ಅತ್ತ, ಇವಳು ಅವನ ಬೆನ್ನು ಸವರಿ ರಂಜನಾಳ ಕಡೆ ತಿರುಗಿ ಕೇಳಿದ್ದು ಎರಡೇ ಮಾತು. ಕೂಸಿಗೆ ಬರ್ತೈತೇನ್ರಿ? ಗುಳಿಗಿ ಒಂದು ದಿನಾನೂ ತಪ್ಪಿಸಬ್ಯಾಡ, ಉಳಿದದ್ದು ನಾವು ನೋಡ್ಕೋತೇವಿ, ಹುಟ್ಟಿದ ಮ್ಯಾಲೆ ಕೂಸಿಗೂ ಔಷಧದ ಹನಿ ಕೊಡ್ತೇವಿ, ಬರದಂಗ ಮಾಡಾಕ ಬರ್ತೈತಿ ಎಂದು ರಂಜನಾ ಹೇಳಿದಳು. ಆಮೇಲೆ ಎರಡನೆಯ ಮಾತು, ನಮ್ಮ ಅತ್ತಿಯಾರಿಗೆ ಗೊತ್ತಾಗಬಾರದ್ರಿ. ಗೊತ್ತಾದ್ರ ಬೈತಾರೇನವಾ? ಬೈಯೂದಿಲ್ರಿ, ಬೈದ್ರ ಬೈಸ್ಕೋತಿದ್ದೆ, ಅವರು ಕೂಸಿನ್ನ ಎತ್ಕೊಳ್ಳಂಗಿಲ್ರಿ ಸಿಸ್ಟರ್, ಹೆದರ್ತಾರ, ದೂರ ಕುಂತು ನೋಡ್ತಾರ, ನನ್ನ ಕೂಸು ಅಜ್ಜಿ ತೊಡಿ ಕಾಣದ ಬೆಳಿತೈತಿ. ಆಗ ರಂಜನಾ ಮಾತು ಕೊಟ್ಟಿದ್ದಳು. ನಿನ್ನ ಗುಟ್ಟು ನಿಂದು, ಕಾಯ್ದೆನೂ ಹಂಗ ಹೇಳ್ತೈತಿ, ನೀ ಹೇಳ ಅಂದವರಿಗೆ ಬಿಟ್ಟರ ಈ ಗೋಡಿ ದಾಟಿ ಹೊರಗ ಹೋಗಂಗಿಲ್ಲ. ಗೋಡೆ ದಾಟುವುದಿಲ್ಲ ಅಂದವಳು ಗೋಡೆಯ ಮೊಳೆಯನ್ನೇ ಮರೆತಳು. ಗುರುತಿನವರು ಸಿಗಬಾರದೆಂದು ಹತ್ತಿರದ ಸಿಂದಗಿ ಬಿಟ್ಟು ಇಷ್ಟು ದೂರ ಇಂಡಿಗೆ ಬಂದಿದ್ದಾರೆ ಈ ಗಂಡ ಹೆಂಡತಿ, ಅತ್ತೆಗೆ ಇಲ್ಲಿ ಹೆರಿಗೆ ಛಲೋ ಮಾಡಿಸ್ತಾರ ಎಂದು ನೆವ ಹೇಳಿ, ಆ ನೆವದ ಮಾನವಾದರೂ ಉಳಿಸಬೇಕಲ್ಲ.

ಮೇಡಮ್, ಎರಡು ಜೋಡಿ ಗ್ಲೋಸ್ ಹಾಕೊಳ್ಲೇನ್ರಿ? ಪಲ್ಲವಿ, ಕಿರಿಯ ಸಿಸ್ಟರ್, ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು, ಕೂಸಿಗೆಂದು ತೆಗೆದಿಟ್ಟ ಔಷಧದ ಬಾಟಲಿ ನೋಡಿ ಅವಳಿಗೆ ತಿಳಿದಿದೆ. ಮುಂಜಾನಿ ಬಿಬಿಜಾನಗ ಹೆರಿಗಿ ಮಾಡ್ಸೂವಾಗ ಎಷ್ಟು ಹಾಕಿದ್ದಿ? ಒಂದ್ರಿ. ಹಂಗಾರ ಈಗೂ ಒಂದು. ಪಲ್ಲವಿ ತಲೆಯಾಡಿಸಿದಳು, ನಕ್ಕಳು, ಸ್ವಲ್ಪ ಹೆದರಿಯೇ ನಕ್ಕಳು, ಹೆದರಲಿ ಬಿಡು, ಹೆದರುವುದು ತಪ್ಪಲ್ಲ, ರಂಜನಾಳೇ ಮೊದಮೊದಲು ಮನೆಗೆ ಹೋಗಿ ಮೂರು ಸಲ ಸೋಪು ಹಚ್ಚಿ ಕೈ ತೊಳೆದವಳು. ಮತ್ತೆ ಪಲ್ಲವಿಯ ಹೆದರಿಕೆಗೆ ಅರ್ಥವಿದೆ, ಹೋದ ವರ್ಷ ಸೂಜಿ ಚುಚ್ಚಿಸಿಕೊಂಡವಳು ಅವಳೇ — ಮತ್ತು ಯಾರ ರಕ್ತ ಹತ್ತಿದ ಸೂಜಿ? ಎಲ್ಲಿಯೂ ತಪಾಸಣೆಯಾಗದ, ರಸ್ತೆಯಲ್ಲೇ ನೋವು ಬಂದು ಟೆಂಪೋದಿಂದ ನೇರ ಮೇಜಿಗೆ ಬಂದ ಹೆಂಗಸಿನದು, ಯಾರಿಗೂ ಏನೂ ಗೊತ್ತಿರಲಿಲ್ಲ, ಆವತ್ತು ಹಳದಿ ಏಪ್ರನ್ ಮಹಾರಾಯ ಹೊರಗೆ ಮೊಳೆಯ ಮೇಲೆ ಆರಾಮ ತೂಗುತ್ತಿದ್ದ. ಕೂಡಲೇ ಗುಳಿಗೆ ಶುರು ಮಾಡಿಸಿದರು, ತಿಂಗಳು ನುಂಗಿದಳು, ಓಕರಿಕೆ ಬಂದು ಸೊರಗಿದಳು, ಕೊನೆಗೆ ರಕ್ತ ತಪಾಸಣೆಯಲ್ಲಿ ಏನೂ ಇಲ್ಲ ಎಂದು ಬಂದ ದಿನ ಇಬ್ಬರೂ ಔಷಧದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಪೇಢೆ ತಿಂದರು. ಆಗಲೇ ರಂಜನಾಳಿಗೆ ಖಾತ್ರಿಯಾದದ್ದು, ಒಬ್ಬಳಿಗಾಗಿ ಇಟ್ಟ ಅಂಗಿ ಯಾರನ್ನೂ ಕಾಯುವುದಿಲ್ಲ, ಹಡೆಯುವವಳನ್ನೂ ಇಲ್ಲ, ಹಡೆಸುವವಳನ್ನೂ ಇಲ್ಲ.

ವಿಜಯಪುರದ ತರಬೇತಿಯಲ್ಲೂ ಹೇಳಿದ್ದು ಇದನ್ನೇ, ಪ್ರತಿ ರಕ್ತಕ್ಕೂ ಅದೇ ಜಾಗ್ರತೆ, ಪ್ರತಿ ಮನುಷ್ಯನಿಗೂ ಅದೇ ಮರ್ಯಾದೆ, ದೊಡ್ಡ ಹಾಲು, ಫ್ಯಾನು ತಿರುಗುವುದಕ್ಕಿಂತ ಕಿರುಗುಟ್ಟುವುದೇ ಹೆಚ್ಚು, ಪಕ್ಕದಲ್ಲಿ ಕೂತಿದ್ದ ಸಿಂದಗಿಯ ಸಿಸ್ಟರ್ ಊಟದ ನಂತರ ಕಣ್ಣು ತೆರೆದೇ ನಿದ್ದೆ ಮಾಡುವ ವಿದ್ಯೆ ತೋರಿಸಿದಳು, ಬಸವನ ಬಾಗೇವಾಡಿಯವಳು ಡಬ್ಬಿ ತುಂಬ ಶೇಂಗಾ ಹೋಳಿಗೆ ತಂದಿದ್ದಳು, ಅದು ಬೆಂಚಿನ ಕೆಳಗೆ ಕೈಯಿಂದ ಕೈಗೆ ಹೋಯಿತು, ಮುದ್ದೇಬಿಹಾಳದ ಹಿರಿಯ ಸಿಸ್ಟರ್ ಮಾತ್ರ ಎದ್ದು ನಿಂತು ಕೇಳಿದಳು, ಪೇಷಂಟಿನ ಮರ್ಯಾದಿ ಸರಿ ಸರ್, ನಮ್ಮ ಕೈಗೆ ಗ್ಲೋಸ್ ಯಾರು ಕೊಡವ್ರು? ಚಪ್ಪಾಳೆ ಬಿತ್ತು, ನಿದ್ದೆಯಲ್ಲಿದ್ದವಳೂ ಎದ್ದು ತಟ್ಟಿದಳು. ಸರಕಾರದ ಧೋರಣೆಯೂ ಅದೇ ಎಂದರು ಕಲಿಸುವವರು, ಕೆಲಸ ಮಾಡುವವರನ್ನೂ ಕಾಯಬೇಕು, ಕೇಳಿ ತಗೊಳ್ಳಿ ಎಂದರು. ರಂಜನಾ ಬಂದು ಕೇಳಿದಳು, ಆಸ್ಪತ್ರೆಯ ಕಮಿಟಿಯವರ ಮುಂದೆ ತಿಂಗಳುಗಟ್ಟಲೆ ಕೇಳಿದಳು, ಅವಳ ತಂದೆ ಪಂಢರಿನಾಥ ಮಾಸ್ತರರು ಒಂದು ಲೆಕ್ಕ ತಲೆಗೆ ಹೋಗುವ ತನಕ ಹುಡುಗರನ್ನು ಮನೆಗೆ ಬಿಡುತ್ತಿರಲಿಲ್ಲವಂತೆ, ಅದೇ ಹಟ ಮಗಳಿಗೆ, ಕೊನೆಗೆ ಇವಳ ಬಾಯಿ ಮುಚ್ಚಿಸಿದರೆ ಸಾಕು ಎಂದು ಕಮಿಟಿಯವರು ಏಪ್ರನ್, ಗ್ಲೋಸ್, ಕನ್ನಡಕ ಎಲ್ಲ ತರಿಸಿಕೊಟ್ಟರು, ನಿನ್ನೆ ಸಂಜೆ ಬಂತು, ಇವತ್ತಿನಿಂದ ಶುರು.

ಏಪ್ರನ್ ಕಂಡು ಅವ್ವ ಸಾವಿತ್ರೀಬಾಯಿ ಇದ್ದಿದ್ದರೆ ನಗುತ್ತಿದ್ದಳು, ಅವ್ವನ ಮಡಿ ಸೀರೆಯದೂ ಹೀಗೇ, ಅಟ್ಟದ ಕೆಳಗೆ ಬಿದಿರಿನ ಗಳು, ಗಳುವಿನ ಮೇಲೆ ಸೀರೆ, ಮುಟ್ಟಿದೆಯೋ ಸ್ನಾನ, ಸಣ್ಣವಳಿದ್ದಾಗ ರಂಜನಾ ಅದರ ಕೆಳಗೆ ಬೇಕೆಂದೇ ಜಿಗಿದು ಜಿಗಿದು ತಲೆ ತಾಕಿಸಲು ನೋಡುತ್ತಿದ್ದಳು, ಕಾರ್ಟೀ ಎಂದು ಅವ್ವ ಮರಾಠಿಯಲ್ಲಿ ಬೈಯುತ್ತಿದ್ದಳು, ಸಿಟ್ಟು ಬಂದರೆ ಅವ್ವನಿಗೆ ಮರಾಠಿಯೇ ಬರುತ್ತಿತ್ತು. ಕಡೆಗಾಲದಲ್ಲಿ ಅದೇ ಅವ್ವನನ್ನು ಎತ್ತಿ ಕೂಡಿಸಿ ಮೈ ಒರೆಸಿದ್ದು ಆಸ್ಪತ್ರೆಯಲ್ಲಿ ಎಲ್ಲರನ್ನೂ ಮುಟ್ಟಿ ಬಂದ ಈ ಕೈಗಳೇ, ಅವ್ವ ಆಗ ಮಡಿಯ ಮಾತೇ ಎತ್ತಲಿಲ್ಲ, ನಿನ್ನ ಕೈ ಮೆತ್ತಗಿವೆ ಕೂಸೇ ಎಂದಳು. ಅಯ್ಯೋ, ಈಗ ಅಳು ಬಂದರೆ ಕನ್ನಡಕ ಒರೆಸುವವರು ಯಾರು, ಈ ಹೊಸ ಕನ್ನಡಕ ಬೇರೆ ಮಂಜಾಗುತ್ತದೆ, ಸುಮ್ಮನಿರು ರಂಜನಾ, ಮೊಳೆಯ ಬಗ್ಗೆ ವಿಚಾರ ಮಾಡು.

ಮೊಳೆ, ಹೂಂ, ಏನಾದರೂ ತೂಗುಹಾಕಬೇಕು, ಪೀರಬಿಗೆ ಹೇಳಿ ಒಂದು ಹೊಸ ಏಪ್ರನ್ ಅಲ್ಲಿಗೆ ಹಾಕಿಸಿದರೆ — ಎಲ್ಲಿವೆ ಏಪ್ರನ್? ಒಂದು ನನ್ನ ಮೈಮೇಲೆ, ಒಂದು ಪಲ್ಲವಿಯ ಮೈಮೇಲೆ, ಆ ಹಳದಿಯದೂ ಸೇರಿ ಉಳಿದವೆಲ್ಲ ಬ್ಲೀಚಿಂಗ್ ನೀರಲ್ಲಿ ನೆನೆದಿವೆ, ಬೆಳಿಗ್ಗೆ ಬಿಬಿಜಾನ, ಆಮೇಲೆ ದೇವರ ಹಿಪ್ಪರಗಿಯ ಮಾಸ್ತರರ ಹೆಂಡತಿ, ಎರಡು ಹೆರಿಗೆ ಆದವಲ್ಲ. ಮತ್ತೆ ಪೀರಬಿಗೆ ಹೇಳುವುದೆಂದರೆ ಊರಿಗೇ ಹೇಳಿದ ಹಾಗೆ, ಪೀರಬಿಯ ಬಾಯಿಗೆ ಬಾಗಿಲಿಲ್ಲ, ಅವಳು ಸಾಲದ್ದಕ್ಕೆ ಇವತ್ತು ಮುನಿಸಿಕೊಂಡಿದ್ದಾಳೆ, ಬಿಬಿಜಾನ ಅವಳ ಸ್ವಂತ ಮಗಳು, ಚೊಚ್ಚಲ ಹೆರಿಗೆ, ರಂಜನಾ ಹೊಸ ಏಪ್ರನ್ ತೊಟ್ಟು ಕನ್ನಡಕ ಹಾಕಿಕೊಂಡು ಒಳಗೆ ಹೊರಟದ್ದೇ ತಡ, ಪೀರಬಿ ಬಾಗಿಲಿಗೆ ಅಡ್ಡ ನಿಂತುಬಿಟ್ಟಳು. ಬಾಯಾರ, ನನ್ನ ಮಗಳಿಗೆ ಏನ್ ರೋಗ ಬಂದೈತಿ ಅಂತ ಇದನ್ನ ಹಾಕ್ಕೊಂಡ್ರಿ? ರೋಗ ಇಲ್ಲ ಪೀರಬಿ, ಇವತ್ತಿನಿಂದ ಎಲ್ಲಾರಿಗೂ ಹಿಂಗ, ನಿನ್ನ ಮಗಳಿಗೂ, ಊರ ಸಾವಕಾರನ ಮಗಳಿಗೂ, ನಾಳೆ ನಾನೇ ಹಡದ್ರ ನನಗೂ. ಈ ವಯಸ್ಸಿನ್ಯಾಗ ಎಲ್ಲಿ ಹಡಿತೀರಿ ಬಾಯಾರ ಎಂದು ಒಳಗಿನಿಂದ ಬಿಬಿಜಾನ ನೋವಿನಲ್ಲೂ ಕಿಸಕ್ಕನೆ ನಕ್ಕಳು, ಪೀರಬಿ ಮಾತ್ರ ನಗಲಿಲ್ಲ, ಮೊಮ್ಮಗ ಹುಟ್ಟಿದ ಮೇಲೂ ತುಟಿ ಬಿಗಿದುಕೊಂಡೇ ನೆಲ ಒರೆಸಿದಳು, ಈಗ ಬಿಸಿನೀರು ತರುತ್ತೇನೆಂದು ಹೊರಗೆ ಹೋದವಳು ಇನ್ನೂ ಬಂದಿಲ್ಲ.

ಬಂದಿಲ್ಲ, ಯಾಕೆ ಬಂದಿಲ್ಲ, ಅಕೋ ಅವಳ ದನಿ, ಬಾಗಿಲಾಚೆ ಬಾಕಿನ ಹತ್ತಿರವೇ, ಪೀರಬಿಯ ದನಿ ಅಂದರೆ ಮೂರು ಓಣಿಗೆ ಕೇಳುವಂಥದ್ದು, ಆದರೂ ಈ ಫ್ಯಾನಿನ ಗದ್ದಲದಲ್ಲಿ ಒಂದು ಮಾತು ಸಿಕ್ಕರೆ ಒಂದು ಸಿಗುವುದಿಲ್ಲ — ಮೊಳಿ, ಎಂದರು ಯಾರೋ, ಮೊಳಿ ಖಾಲಿ ಐತಲ್ಲಬೇ, ಎಂದು ಇನ್ನೊಂದು ದನಿ, ಆಮೇಲೆ ಪೀರಬಿ, ನನ್ನ ಮಗಳು ಅಂದಳು, ಇನ್ನೇನೋ ಅಂದಳು, ಜೋರಾಗಿ ಅಂದಳು, ಆಮೇಲೆ ಇಂದುಬಾಯಿಯ ದನಿ, ಗೌಡಕಿಯ ಮನೆಯ ಗಟ್ಟಿ ದನಿ, ಏನು ಅಂದರೆಂದು ತಿಳಿಯಲಿಲ್ಲ, ಆಮೇಲೆ ಎಲ್ಲ ಒಮ್ಮೆಲೇ ಸುಮ್ಮನಾಯಿತು. ಮುಗಿಯಿತು ರಂಜನಾ, ಮುಗಿಯಿತು, ಹೊರಗೆ ಓಡಬೇಕು, ಓಡಿ ಹೇಳಬೇಕು, ಏನೆಂದು ಹೇಳುತ್ತೀ, ನಿಮ್ಮ ಸೊಸೆಗೆ ಏನೂ ಇಲ್ಲ ಎಂದೆಯಾ, ಕೇಳದೆ ಇದ್ದದ್ದಕ್ಕೆ ಉತ್ತರ ಕೊಟ್ಟರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ. ಸುನಂದಾ ತನ್ನ ಬಳೆಯ ಗಾಜು ಒತ್ತುವಷ್ಟು ಗಟ್ಟಿಯಾಗಿ ರಂಜನಾಳ ಮಣಿಕಟ್ಟು ಹಿಡಿದಳು, ಸಿಸ್ಟರ್, ಬಂತ್ರಿ, ಈಗ ಬಂತ್ರಿ — ಹೌದು ಬಂತು, ಇದೇ ಅದು, ಮುಕ್ಕು ಈಗ, ಈಗ ಮುಕ್ಕು ನನ್ನವ್ವಾ, ಪಲ್ಲವಿ ಲೈಟ್ ಇತ್ತ ತಿರುವು, ಮತ್ತೊಮ್ಮೆ, ಗದ್ದ ಎದಿಗೆ ಹಚ್ಚು, ಮೊಳೆ ಹಾಳಾಗಿ ಹೋಗಲಿ, ಕಾಣ್ತೈತಿ ನೋಡು, ಕರೀ ಕೂದಲ ಕಾಣ್ತೈತಿ, ಸಾವಕಾಶ, ಈಗ ಸಾವಕಾಶ, ಉಫ್ ಉಫ್ ಅನ್ನು, ಹಾಂ ಹಾಂ ಹಾಂ, ಬಿಸಿ ಒದ್ದೆ ತಲೆ ಅಂಗೈಗೆ ಬಂತು, ತಿರುಗಿತು, ಭುಜ, ಇನ್ನೊಂದು ಭುಜ, ಜರ್ರನೆ ಇಡೀ ಕೂಸು.

ಅತ್ತಿತು. ಎಷ್ಟು ಸಲ ಕೇಳಿದರೂ ಆ ಮೊದಲ ಅಳು ರಂಜನಾಳಿಗೆ ಹಳೆಯದಾಗಿಲ್ಲ, ಇಪ್ಪತ್ತು ವರ್ಷ ಇದನ್ನೇ ಕೇಳಿದ್ದಾಳೆ, ಪ್ರತಿ ಸಲ ಹೊಟ್ಟೆಯಲ್ಲಿ ಸಕ್ಕರೆ ಕರಗಿದ ಹಾಗಾಗುತ್ತದೆ, ಹೆಣ್ಣ ಹುಟ್ಯಾಳವಾ ಸುನಂದಾ, ಏನ್ ಕೂದಲ, ಏನ್ ಸಿಟ್ಟು, ನೋಡು ಮುಷ್ಟಿ ಕಟ್ಯಾಳ, ನಿಮ್ಮ ಅತ್ತಿಯಂಗ ಅದಾಳ. ಸುನಂದಾ ನಕ್ಕಳು, ಬೆಳಗಿನಿಂದ ಬರದ ಕಣ್ಣೀರು ಕಿವಿಯವರೆಗೆ ಇಳಿಯಿತು, ಕೂಸನ್ನು ಎದೆಯ ಮೇಲೆ ಇಟ್ಟರೆ ಸುಮ್ಮನಾಯಿತು. ಒರೆಸಿ, ತೂಗಿ, ಔಷಧದ ಹನಿ ಪಲ್ಲವಿಯೇ ಕೊಟ್ಟಳು, ಒಂದೇ ಜೋಡಿ ಗ್ಲೋಸ್ ಹಾಕಿಕೊಂಡೇ ಕೊಟ್ಟಳು, ಕೊಟ್ಟು ಬಗ್ಗಿ ಕೂಸಿನ ಹಣೆಗೆ ತನ್ನ ಕೆನ್ನೆ ತಾಕಿಸಿದಳು, ಯಾರೂ ನೋಡಲಿಲ್ಲ ಅಂದುಕೊಂಡು. ಶಭಾಷ್ ಹುಡುಗಿ, ಇನ್ನೊಮ್ಮೆ ಪೇಢೆ ತಿನ್ನುವ ದಿನ ಇದು, ಆದರೆ ಸುನಂದಾ ಬಾಗಿಲ ಕಡೆಗೇ ನೋಡುತ್ತಿದ್ದಾಳೆ, ಹೊರಗ ತೋರಸ್ತೀರೇನ್ರಿ ಈಗ? ಎಂದು ಮೆಲ್ಲಗೆ ಕೇಳುತ್ತಿದ್ದಾಳೆ, ತೋರಿಸಲೇಬೇಕು, ಕೂಸನ್ನು ಮನೆಯವರಿಗೆ ತೋರಿಸುವುದು ಪೀರಬಿಯ ಹಕ್ಕು, ಅದಕ್ಕೆ ಅವಳಿಗೆ ಸೀರೆ, ಕುಪ್ಪಸದ ಖಣ ಸಿಗುತ್ತದೆ, ಇವತ್ತು ಮಾತ್ರ ಬಿಡಲಾರೆ, ನಾನೇ ಒಯ್ಯುತ್ತೇನೆ, ಅಜ್ಜಿ ಎತ್ತಿಕೊಳ್ಳದಿದ್ದರೆ ಅದನ್ನು ಮೊದಲು ನೋಡಬೇಕಾದವಳು ನಾನೇ.

ಏಪ್ರನ್ ಬಿಚ್ಚಿದಳು, ಕೈ ತೊಳೆದಳು, ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದಳು, ಬಾಗಿಲು ಇಷ್ಟು ದೂರ ಯಾವಾಗ ಆಯಿತು, ವಿಠ್ಠಲಾ ನೀನೇ ಗತಿ, ಭುಜದಿಂದ ಬಾಗಿಲು ನೂಕಿ ಹೊರಗೆ ಕಾಲಿಟ್ಟು ಎಲ್ಲಕ್ಕೂ ಮೊದಲು ಗೋಡೆ ನೋಡಿದಳು. ಮೊಳೆಯ ಮೇಲೆ ಏನೋ ಹಸಿರು. ಹಸಿರು ಖಣದ ಕುಂಚಿಗಿ, ಕೂಸಿನ ತಲೆಗೆ ತೊಡಿಸಿ ಬೆನ್ನ ಮೇಲೆ ಇಳಿಬಿಡುವಂಥದ್ದು, ಅಂಚಿಗೆ ಕೆಂಪು ಪಟ್ಟಿ, ಹಣೆಯ ಹತ್ತಿರ ಸಣ್ಣ ಸಣ್ಣ ಗೆಜ್ಜೆ, ಫ್ಯಾನಿನ ಗಾಳಿಗೆ ಸಣ್ಣಗೆ ಅಲುಗುತ್ತಿದೆ. ಇಂದುಬಾಯಿ ಎದ್ದು ನಿಂತಿದ್ದರು, ಏನ್ ಕೂಸ್ರಿ ಸಿಸ್ಟರ್? ಹೆಣ್ಣ್ರೀ ಅಮ್ಮಾರ, ತಾಯಿ ಕೂಸು ಇಬ್ರೂ ಆರಾಮ ಅದಾರ, ಎಂದ ರಂಜನಾಳ ಕಣ್ಣು ಮಾತ್ರ ಗೋಡೆಯ ಮೇಲೇ, ಇಂದುಬಾಯಿಯೂ ಅತ್ತ ನೋಡಿ ನಕ್ಕರು. ಆ ಕುಂಚಿಗಿ ನಂದ್ರಿ, ಮುಂಜಾನಿಂದ ತೊಡಿ ಮ್ಯಾಲೆ ಇಟ್ಕೊಂಡು ಕುಂತು ಕೈ ಬೆವತು ಮುದುಡಾಕತ್ತಿತ್ತು, ಮೊಳಿ ಖಾಲಿ ಇತ್ತು, ಹಾಕಬೇಕಂದ್ರ ಇಲ್ಲಿ ಕುಂತ ಹೆಣ್ಮಕ್ಕಳು ಬ್ಯಾಡ್ರಿ ಬ್ಯಾಡ್ರಿ, ಅದು ಕೆಟ್ಟ ಮೊಳಿ, ಖಾಲಿ ಆತಂದ್ರ ಒಳಗ ರೋಗ ಇದ್ದಾಕಿ ಅದಾಳ ಅಂತ ಅನ್ನಾಕತ್ತಿದ್ರು, ನನಗೂ ಒಂದೀಟು ಎದಿ ಧಸಕ್ಕಂದಿತ್ತು ಖರೆ ಹೇಳ್ತೇನಿ, ಅಷ್ಟರಾಗ ಈ ಪೀರಬಿ ಬಂದ್ಲು ನೋಡ್ರಿ. ಬಾಕಿನ ಹೆಂಗಸರು ಸೆರಗು ಸರಿಮಾಡಿಕೊಂಡರು, ಪೀರಬಿ ಬಿಸಿನೀರಿನ ಕೊಡ ಸೊಂಟದ ಮೇಲೇ ಇಟ್ಟುಕೊಂಡು ಅಲ್ಲೇ ನಿಂತಿದ್ದಾಳೆ, ಹೌದ್ರಿ ಬಾಯಾರ, ನಾ ಅಂದೆ, ಮುಂಜಾನಿ ನನ್ನ ಮಗಳು ಹಡದ್ಲು, ಆಕಿಗೂ ಹಂಗ ಅಂಗಿ ಹಾಕ್ಕೊಂಡ ಮಾಡ್ಸ್ಯಾರ, ಆಮ್ಯಾಲೆ ಮಾಸ್ತರ ಹೇಂತಿಗೂ, ಇನ್ನ ಮ್ಯಾಲೆ ಎಲ್ಲಾರಿಗೂ ಹಂಗ, ಮೊಳಿ ಖಾಲಿನ ಇರ್ತೈತಿ, ನನ್ನ ಮಗಳಿಗೆ ರೋಗ ಐತಿ ಅನ್ನಾಕಿ ಯಾವಾಕಿ, ಮುಂದ ಬಾ ಅಂದೆ. ಯಾರು ಬರುತ್ತಾರೆ ಪೀರಬಿಯ ಮುಂದೆ. ಅಯ್ಯೋ ಪೀರಬಿ, ನಿನ್ನ ಬಾಗಿಲಿಲ್ಲದ ಬಾಯಿಗೆ ಸಕ್ಕರೆ ಹಾಕಬೇಕು, ನಾನು ತಿಂಗಳುಗಟ್ಟಲೆ ಕಮಿಟಿಯ ಮುಂದೆ ಹೇಳಿದ್ದನ್ನು ನೀನು ಕೊಡ ಇಳಿಸದೆಯೇ ಹೇಳಿ ಮುಗಿಸಿದೆಯಲ್ಲ, ಮುನಿಸಿಕೊಂಡೇ ಹೇಳಿದೆಯಲ್ಲ.

ಕೊಡ್ರಿಲ್ಲಿ ನನ್ನ ಮೊಮ್ಮಗಳನ್ನ, ಎಂದರು ಇಂದುಬಾಯಿ, ಕೇಳಿದ್ದಲ್ಲ, ಕಸಿದುಕೊಂಡದ್ದು, ಕೂಸನ್ನು ಎದೆಗೊತ್ತಿ ಹಿಡಿದು ಇನ್ನೊಂದು ಕೈ ಚಾಚಿ ಮೊಳೆಯಿಂದ ಕುಂಚಿಗಿ ಇಳಿಸಿ ಒಂದೇ ಕೈಯಲ್ಲಿ ಆ ಪುಟ್ಟ ತಲೆಗೆ ತೊಡಿಸಿದರು, ಗೆಜ್ಜೆ ಕಿಣಿ ಕಿಣಿ ಅಂದಿತು, ಬಾಕಿನ ಹೆಂಗಸರೆಲ್ಲ ಎದ್ದು ಸುತ್ತುಗಟ್ಟಿದರು, ಮೂಗ ನೋಡ್ರಿ, ಬಣ್ಣ ನೋಡ್ರಿ, ದೃಷ್ಟಿ ತಗೀರಿ ಮೊದಲ, ಪೀರಬಿ ಕೊಡ ಇಳಿಸಿ ತನ್ನ ಸೀರೆ ಖಣ ಯಾವಾಗ ಎಂದು ಈಗಲೇ ಕೇಳುತ್ತಿದ್ದಾಳೆ, ಲಾರಿ ಹೊರಟಿತೇನೋ, ಹಾರ್ನ್ ಆಯಿತು, ಲಿಂಬೆಯ ವಾಸನೆ ಕೊನೆಯ ಸಲ ಬಂದು ಹೋಯಿತು, ಅರ್ಧ ತೆರೆದ ಬಾಗಿಲಿನೊಳಗಿಂದ ಸುನಂದಾಳ ಬಳಲಿದ ದನಿ, ಸಿಸ್ಟರ್, ಎತ್ಕೊಂಡ್ರೇನ್ರಿ? ಎತ್ಕೊಂಡಾರವಾ, ಎತ್ಕೊಂಡಾರ, ತಿರುಗಿ ಕೊಡಂಗ ಕಾಣೂದಿಲ್ಲ, ಎಂದು ರಂಜನಾ ಕೂಗಿ ಹೇಳಿದಳು, ಕೂಗಿದ ದನಿ ಒಡೆಯಿತು, ಒಡೆಯಲಿ, ಖುಷಿಗೆ ಒಡೆದದ್ದು, ಯಾರೂ ಇವಳ ಕಡೆ ನೋಡುತ್ತಿಲ್ಲ, ಯಾರೂ ಗೋಡೆಯ ಕಡೆಯೂ ನೋಡುತ್ತಿಲ್ಲ, ಸುಣ್ಣದ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದಿದೆ, ಬಿಸಿಲಿನ ನಡುವೆ ಮೊಳೆ, ಖಾಲಿ ಮೊಳೆ, ಅದರ ಮೇಲೆ ಏನೂ ಇಲ್ಲ, ಬರೀ ಮೊಳೆ —